ಸೇರಿಸಿಕೊಂಡ ಯಾಕ್ ಯಾರದು

ಝೋಂಗ್ ಪೇಟೆ
1996, ಸೆಪ್ಟೆಂಬರ್ 18

ಅಕ್ಕ ಚೋಜೊಮ್‌ಗೆ,

ನನ್ನ ಕೈಬರಹ ನೋಡಿ ನಿನಗೆ ಆಶ್ಚರ್ಯವಾಗಿರಬಹುದು. ಅಮಾ ಹೋದ ಮೇಲೆ ನಾನು ಬರೆಯುತ್ತಿರುವುದು ಇದೇ ಮೊದಲು. ಮೆರಾಕ್‌ನಲ್ಲಿ ಈಗ ಮೇಲಿನ ಹುಲ್ಲುಗಾವಲಿನಿಂದ ಹಿಂಡು ಇಳಿಸುವ ಗಡಿಬಿಡಿ ಇರುತ್ತದೆಂದು ಗೊತ್ತು. ಗೊಂಬು ಭಾವ, ಮಕ್ಕಳು ಆರೋಗ್ಯವೆಂದು ನಂಬಿದ್ದೇನೆ. ನಾನು ಇಲ್ಲಿನ ನ್ಯಾಯಾಲಯದಲ್ಲಿ ಗುಮಾಸ್ತನಾಗಿಯೇ ಮುಂದುವರಿದಿದ್ದೇನೆ.

ನಿನ್ನಿಂದ ಒಂದು ವಿಷಯ ತಿಳಿಯಬೇಕಿತ್ತು. ನಮ್ಮ ಬ್ರೋಕ್ಪಾ ಮಾತಿನಲ್ಲಿ ‘ಹಿಂಡಿಗೆ ಸೇರಿಸಿಕೊಂಡೆ’ ಎನ್ನುತ್ತೇವಲ್ಲ, ಅದರ ಸರಿಯಾದ ಅರ್ಥ ಏನು? ಬೇರೆಯವರ ಯಾಕನ್ನು ಒಬ್ಬರು ತಮ್ಮ ಹಿಂಡಿಗೆ ಸೇರಿಸಿಕೊಂಡರೆ ಆಮೇಲೆ ಅದು ಯಾರದು? ಒಡೆಯ ಬಂದು ಕೇಳಿದರೆ ಕೊಡಬೇಕೆ? ಕರು ಹಾಕಿದ್ದರೆ ಆ ಕರು ಯಾರದು? ಚಿಕ್ಕವನಿದ್ದಾಗಲೇ ಶಾಲೆಗೆಂದು ಕೆಳಗೆ ಬಂದುಬಿಟ್ಟೆ. ನಮ್ಮ ಮಾತಿನ ಒಳ ಅರ್ಥಗಳು ಎಷ್ಟೋ ನನಗೆ ಗೊತ್ತಿಲ್ಲ.

ಯಾಕೆ ಕೇಳುತ್ತಿದ್ದೇನೆ ಎಂದು ಈಗ ಹೇಳುವ ಹಾಗಿಲ್ಲ. ನೀನೂ ಯಾರೊಡನೆಯೂ ಚರ್ಚಿಸಬೇಡ. ನಿನಗೆ ತಿಳಿದಂತೆ ಬರೆದು ಕಳಿಸು, ಕೆಳಗೆ ಹೆಸರು ಹಾಕು.

ನಿನ್ನ ತಮ್ಮ,
ನಿದುಪ್

*

ಮೆರಾಕ್
ಬೆಂಕಿ-ಇಲಿ ವರ್ಷ, ಎಂಟನೇ ತಿಂಗಳು

ನಿದುಪ್,

ಪೇಟೆಗೆ ಹೋಗಿದ್ದ ನೆರೆಮನೆಯ ಲೋಬ್ಸಾಂಗ್ ನಿನ್ನ ಪತ್ರವನ್ನು ಉಪ್ಪಿನ ಮೂಟೆಗೆ ಸಿಕ್ಕಿಸಿಕೊಂಡು ತಂದ. ಅರ್ಧ ಒದ್ದೆಯಾಗಿ ಅಳಿಸಿತ್ತು. ಉಳಿದ ಅರ್ಧ ಓದಿಯೇ ನನಗೆ ಸಾಕಾಯಿತು.

ವಯಸ್ಕರ ಶಾಲೆಯಲ್ಲಿ ಕಲಿತ ಅಕ್ಷರ ನನ್ನದು, ತಪ್ಪಿದ್ದರೆ ನಗಬೇಡ. ನಮ್ಮ ಮಾತಿಗೆ ಅಕ್ಷರವೇ ಇಲ್ಲ. ಸರ್ಕಾರದ ಝೋಂಖಾ ಅಕ್ಷರದೊಳಗೆ ನಮ್ಮ ಮಾತು ತುರುಕಿ ಬರೆಯುತ್ತಿದ್ದೇನೆ. ಈಗ ನನಗೂ ಒಂದು ವಿಷಯ ತಿಳಿಯಬೇಕಿತ್ತು. ಅಮಾ ಸತ್ತು ಮೂರು ಚಳಿಗಾಲ ಕಳೆಯಿತು. ಅಷ್ಟೂ ದಿನ ನಾವು ಬದುಕಿದ್ದೇವೋ ಸತ್ತೆವೋ ಎಂದು ಕೇಳದವನಿಗೆ ಈಗ ಇದ್ದಕ್ಕಿದ್ದಂತೆ ನಮ್ಮ ಮಾತಿನ ಮೇಲೆ ಇಷ್ಟು ಪ್ರೀತಿ ಯಾಕೆ ಬಂತು? ಅದೂ ಬೇರೆ ಮಾತು ಯಾವುದೂ ಬೇಡ, ‘ಸೇರಿಸಿಕೊಂಡ ಯಾಕ್ ಯಾರದು’ ಎನ್ನುವುದೊಂದೇ ಬೇಕು. ಕರು ಹಾಕಿದ್ದರೆ ಅದರ ಲೆಕ್ಕವೂ ಬೇಕು. ಯಾರಿಗೂ ಹೇಳಬಾರದು, ಕೆಳಗೆ ಹೆಸರು ಹಾಕಬೇಕು.

ಗೊಂಬುಗೆ ಓದಿ ಹೇಳಿದೆ. ‘ಪಾಪ, ತಿಳ್ಕೊಳ್ಳೋಕೆ ಕೇಳಿರ್ಬೇಕು ಬಿಡೆ’ ಎಂದ. ಅವನು ಯಾರನ್ನು ತಾನೇ ಪಾಪ ಅನ್ನುವುದಿಲ್ಲ? ತೋಳ ಕರುವನ್ನು ಹಿಡಿದರೂ ‘ಪಾಪ, ಹಸಿದಿತ್ತು’ ಎನ್ನುವ ಗಂಡಸು.

ಈಗ ಹಿಂಡು ಇಳಿಸುವ ಕೆಲಸವಿದೆ. ಬೆಣ್ಣೆ ಕಟ್ಟಬೇಕು. ಅರ್ಥ ಹೇಳುತ್ತ ಕೂರಲು ಪುರುಸೊತ್ತಿಲ್ಲ.

ಚೋಜೊಮ್

*

ಝೋಂಗ್ ಪೇಟೆ
1996, ಅಕ್ಟೋಬರ್ 22

ಅಕ್ಕ,

ನೀನು ಏನೋ ಬೇರೆ ಅಂದುಕೊಂಡಂತಿದೆ. ನಾನು ಕೇಳಿದ್ದು ಕಚೇರಿಯ ಕೆಲಸಕ್ಕೆ. ಹೆಚ್ಚು ಬರೆಯಲಾರೆ, ಯಾತಕ್ಕೆಂದು ಹೇಳದೆ ಕೇಳು ಎಂದು ಮೇಲಿನವರ ಅಪ್ಪಣೆ. ಪೇಟೆಗೆ ಬರುವ ನಮ್ಮವರನ್ನೇ ಕೇಳಬಹುದಿತ್ತು, ಆದರೆ ಅವರೆಲ್ಲ ಒಂದಲ್ಲ ಒಂದು ಪಕ್ಷದವರು. ನೀನು ಯಾವ ಪಕ್ಷಕ್ಕೂ ಸೇರಿದವಳಲ್ಲ ಎಂದು ನಿನ್ನನ್ನು ಕೇಳಿದೆ.

ಹೊಸ ವರ್ಷದೊಳಗೆ ಉತ್ತರ ಬೇಕು. ಎರಡೇ ಸಾಲು ಸಾಕು.

ನಿದುಪ್

*

ಮೆರಾಕ್
ಬೆಂಕಿ-ಇಲಿ ವರ್ಷ, ಒಂಬತ್ತನೇ ತಿಂಗಳು

ನಿದುಪ್,

ಪಕ್ಷ ಅಂದೆಯಲ್ಲ, ಆಗಲೇ ನನಗೆ ಎಲ್ಲ ತಿಳಿಯಿತು. ಕೋರ್ಟಿನವನು, ಮಾತು ತೂಗಿ ಬರೆಯುತ್ತೀಯ. ಅಕ್ಕನನ್ನೇ ಸಾಕ್ಷಿ ಮಾಡಿಕೊಂಡು ಅಕ್ಕನ ಮೇಲೆಯೇ ಕೇಸು ಹಾಕುವ ಉಪಾಯ ನಿನ್ನದೋ, ನಿನ್ನ ಹೆಂಡತಿಯ ಅಣ್ಣಂದಿರದೋ?

ಅಮಾ ಸಾಯುವ ಮುಂಚೆ ನಿನ್ನ ಪಾಲೆಂದು ಕೆಲವು ಯಾಕ್ ತೋರಿಸಿದ್ದು ನಿಜ. ಅವು ನನ್ನ ಹಿಂಡಿನಲ್ಲಿರುವುದೂ ನಿಜ. ಹಿಮದಲ್ಲಿ ಅವಕ್ಕೆ ಮೇವು ಹೊತ್ತವರು ಯಾರು? ಕರು ಅಡ್ಡ ಸಿಕ್ಕಿಕೊಂಡಾಗ ಕೈ ಹಾಕಿ ಎಳೆದವರು ಯಾರು? ನೀನು ಆಗ ಪೇಟೆಯಲ್ಲಿ ಒಲೆ ಮುಂದೆ ಕೂತಿದ್ದೆ.

ಅರ್ಥ ಬೇಕು ತಾನೆ? ತಗೋ.

ನಮ್ಮ ಬ್ರೋಕ್ಪಾ ಮಾತಿನಲ್ಲಿ ಸೇರಿಸಿಕೊಂಡದ್ದು ಸೇರಿಸಿಕೊಂಡವರದೇ. ಸೊಸೆಯನ್ನು ಮನೆಗೆ ಸೇರಿಸಿಕೊಂಡೆವು ಎನ್ನುವುದಕ್ಕೂ ಇದೇ ಮಾತು. ಸೇರಿಸಿಕೊಂಡ ಸೊಸೆಯನ್ನು ತವರಿನವರು ಬಂದು ಕೇಳಿದರೆ ವಾಪಸು ಕಳಿಸುತ್ತಾರೆಯೇ? ಹುಟ್ಟಿದ ಮಗು ಯಾರ ಮನೆಯದು? ಯಾಕಿಗೂ ಅದೇ ನ್ಯಾಯ.

ಹೆಸರು ಹಾಕಿದ್ದೇನೆ. ಬೇಕಾದವರ ಮುಂದೆ ಓದಿಕೋ.

ಚೋಜೊಮ್, ಮೆರಾಕ್‌ನವಳು

*

ಝೋಂಗ್ ಪೇಟೆ
1996, ನವೆಂಬರ್ 29

ಅಕ್ಕ,

ಉತ್ತರ ತಲುಪಿತು. ಬೇಕಾದ ಭಾಗವನ್ನಷ್ಟೇ ಬಳಸಿಕೊಂಡೆ, ಮನೆಯ ಮಾತು ಯಾರಿಗೂ ಓದಿ ಹೇಳಲಿಲ್ಲ. ಸೊಸೆಯ ಉದಾಹರಣೆಯಿಂದ ಎಲ್ಲ ಸ್ಪಷ್ಟವಾಯಿತು.

ಇನ್ನುಳಿದದ್ದಕ್ಕೆ ಈಗ ಉತ್ತರ ಬರೆಯುವುದಿಲ್ಲ.

ನಿದುಪ್

*

ಮೆರಾಕ್
ಬೆಂಕಿ-ಇಲಿ ವರ್ಷ, ಹನ್ನೊಂದನೇ ತಿಂಗಳು

ನಿದುಪ್,

ನಿನ್ನೆ ನಮ್ಮ ಮನೆಗೆ ಖಂದು ಬಂದಿದ್ದ. ಖಂದು ಯಾರೆಂದು ನಿನಗೆ ನೆನಪಿರಬೇಕು, ಚಳಿಗಾಲದಲ್ಲಿ ನಾವು ಹಿಂಡು ಬಿಡುವ ಕೆಳಗಿನ ಹುಲ್ಲುಗಾವಲು ಅವನದೇ. ಎದುರಿಗೆ ಸಿಕ್ಕರೂ ಮುಖ ತಿರುಗಿಸುವ ಮನುಷ್ಯ, ಕೈಯಲ್ಲಿ ಒತ್ತಿ ಕಟ್ಟಿದ ಚಹಾದ ಇಟ್ಟಿಗೆ, ಹೆಗಲ ಮೇಲೆ ಅಕ್ಕಿ ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದ.

‘ಏನ್ ಖಂದು, ಮನೆ ತಪ್ಪಿ ಬಂದ್ಯಾ?’ ಎಂದೆ.

‘ಎಲ್ಲಕ್ಕ ತಪ್ಪೋದು! ನಿನ್ನ ಉಪಕಾರ ಮರೆಯೋಕಾಗುತ್ತಾ? ಅದಕ್ಕೇ ಬಂದೆ.’

‘ನಾನ್ ನಿಂಗೇನ್ ಉಪಕಾರ ಮಾಡಿದ್ದೀನಿ? ಹೋದ ವರ್ಷ ನಿನ್ನ ನಾಯಿಗೆ ಕಲ್ಲು ಹೊಡ್ದಿದ್ದೆ, ಅದಾ?’

ನಕ್ಕ. ಖಂದು ನಕ್ಕದ್ದನ್ನು ನಾನು ನೋಡಿದ್ದೇ ಕಡಿಮೆ. ಕೂತ, ಬೆಣ್ಣೆ ಚಹಾ ಕುಡಿದ, ಬಟ್ಟಲು ಮುಂದೆ ಮಾಡಿ ಇನ್ನೊಂದಿಷ್ಟು ಹಾಕಿಸಿಕೊಂಡ. ಆಮೇಲೆ ಹೇಳಿದ: ‘ಕೋರ್ಟಲ್ಲಿ ನಿನ್ ಪತ್ರ ಓದಿದ್ರು ಕಣಕ್ಕ. ಸೇರಿಸ್ಕೊಂಡಿದ್ದು ಸೇರಿಸ್ಕೊಂಡೋರ್ದೇ ಅಂತ ಏನ್ ಚೆನ್ನಾಗ್ ಬರ್ದಿದ್ದೀಯಾ! ಆ ಮುದುಕನ ಮುಖ ನೋಡ್ಬೇಕಿತ್ತು ನೀನು.’

‘ಯಾವ ಮುದುಕ?’

‘ಇನ್ಯಾರು, ಸಕ್ತೆಂಗ್‌ನ ದರ್ಗ್ಯೇ.’

ನನ್ನ ಕೈಯಲ್ಲಿದ್ದ ಚಹಾ ಪಾತ್ರೆಯನ್ನು ಕೆಳಗಿಟ್ಟೆ. ಅವನು ಹೇಳುತ್ತಲೇ ಹೋದ. ಹೋದ ಚಳಿಗಾಲದ ಕೊನೆಯ ಹಿಮದಲ್ಲಿ ಖಂದುವಿನ ಗೂಳಿ ಯಾಕ್ ತಪ್ಪಿಸಿಕೊಂಡಿತ್ತಲ್ಲ, ಅದು ಘಟ್ಟದ ಆಚೆ ನಮ್ಮೆಲ್ಲರ ಅಜ್ಜನಂತಿರುವ ಮೆಮೆ ದರ್ಗ್ಯೇಯ ಹಿಂಡಿನಲ್ಲಿ ಸಿಕ್ಕಿತಂತೆ. ಕಳ್ಳತನವೆಂದು ಖಂದು ದೂರು ಕೊಟ್ಟನಂತೆ. ಮುದುಕನಿಗೆ ಝೋಂಖಾ ಬರುವುದಿಲ್ಲ. ‘ಹಿಂಡಿಗೆ ಸೇರಿಸಿಕೊಂಡೆ’ ಎಂದು ನಮ್ಮ ಮಾತಿನಲ್ಲಿ ಹೇಳಿದ್ದೊಂದೇ. ನಿನ್ನ ನ್ಯಾಯಾಧೀಶರು ಹಾಗೆಂದರೇನು ಎಂದು ಕೇಳಿದ್ದಕ್ಕೆ ನನ್ನ ಪತ್ರ ಉತ್ತರವಾಗಿದೆ. ನನ್ನದು ಮಾಡಿಕೊಂಡೆ ಎಂದು ಮುದುಕ ತಾನೇ ಒಪ್ಪಿಕೊಂಡ ಹಾಗೆ.

ನಿದುಪ್, ಇದಕ್ಕೆ ಕೇಳುತ್ತಿದ್ದೀಯೆಂದು ಒಂದು ಮಾತು ಹೇಳಬಾರದಿತ್ತೇ?

ಈಗ ಸರಿಯಾಗಿ ಓದು. ಹಿಮ ಬಿದ್ದು ಘಟ್ಟ ಮುಚ್ಚಿದಾಗ ದಿಕ್ಕು ತಪ್ಪಿ ಬಂದ ಪ್ರಾಣಿಯನ್ನು ಯಾರ ಹಿಂಡಿನ ಹತ್ತಿರ ಬಂತೋ ಅವರು ಸೇರಿಸಿಕೊಳ್ಳಲೇಬೇಕು. ಅಟ್ಟಿದರೆ ಪಾಪ. ಮೇವು ಹಾಕಬೇಕು, ತೋಳದಿಂದ ಕಾಯಬೇಕು. ಹಾಲು ಸಾಕಿದವರದು, ಪ್ರಾಣಿಯೂ ಕರುವೂ ಒಡೆಯನದು. ಒಡೆಯ ಬಂದ ದಿನ ಒಂದು ಮಾತೂ ಆಡದೆ ಬಿಟ್ಟುಕೊಡಬೇಕು. ನಾವು ಅದನ್ನೇ ಸೇರಿಸಿಕೊಳ್ಳುವುದು ಎನ್ನುತ್ತೇವೆ. ಸೊಸೆಗೂ ಅದೇ ಮಾತು ಅಂದೆನಲ್ಲ, ಅದೂ ಸುಳ್ಳಲ್ಲ. ಆದರೆ ಯಾಕಿನ ವಿಷಯ ಬೇರೆ ಎಂದು ಇಲ್ಲಿ ಮಕ್ಕಳಿಗೂ ಗೊತ್ತು.

ಖಂದುವಿಗೂ ಗೊತ್ತು. ಅದಕ್ಕೇ ಅಕ್ಕಿ ಹೊತ್ತು ತಂದದ್ದು. ಘಟ್ಟದ ಮೇಲಿನ ಹುಲ್ಲುಗಾವಲಿಗಾಗಿ ಅವನಿಗೂ ಮುದುಕನಿಗೂ ಎಷ್ಟೋ ವರ್ಷದ ಜಗಳ. ಮುದುಕ ಜೈಲಿಗೆ ಹೋದರೆ ಅದನ್ನು ಕೇಳುವವರಿಲ್ಲ.

ನಾನು ಹಾಗೆ ಯಾಕೆ ಬರೆದೆನೆಂದು ನಿನಗೆ ಗೊತ್ತು. ನಿನ್ನ ಪಾಲು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಇದನ್ನೂ ಬೇಕಾದವರ ಮುಂದೆ ಓದು. ಆ ಮೊದಲಿನ ಪತ್ರ ಹರಿದು ಹಾಕು.

ಅಕ್ಕಿಯನ್ನು ಹಾಗೆಯೇ ವಾಪಸು ಕಳಿಸಿದೆ. ಚಹಾದ ಇಟ್ಟಿಗೆಯನ್ನು ಗೊಂಬು ಆಗಲೇ ಒಡೆದುಬಿಟ್ಟಿದ್ದ.

ಚೋಜೊಮ್

*

ಝೋಂಗ್ ಪೇಟೆ
1997, ಜನವರಿ 12

ಅಕ್ಕ,

ಒಮ್ಮೆ ಕೋರ್ಟಿಗೆ ಹೋದ ಪತ್ರವನ್ನು ಹರಿದು ಹಾಕಲು ಆಗುವುದಿಲ್ಲ.

ಸಿಟ್ಟು ಮಾಡಿಕೊಳ್ಳಬೇಡ, ಕೇಳಲೇಬೇಕಾಗಿದೆ. ದರ್ಗ್ಯೇಯ ಮಗಳು ಘಟ್ಟ ದಾಟಿ ಮೆರಾಕ್‌ಗೆ ಬಂದಿದ್ದಳು ಎಂದು ಖಂದು ಇಲ್ಲಿ ಎಲ್ಲರ ಮುಂದೆ ಹೇಳುತ್ತಿದ್ದಾನೆ. ನಿನ್ನ ಮನೆಯಲ್ಲಿ ಊಟ ಮಾಡಿದಳೆಂದೂ, ಹೋಗುವಾಗ ಬರಿಗೈಯಲ್ಲಿ ಹೋದಳೆಂದೂ ಹೇಳುತ್ತಾನೆ. ಬರುವಾಗ ಏನು ತಂದಿದ್ದಳು? ಇದು ನಿಜವೆ?

ಎರಡು ತಿಂಗಳ ಹಿಂದೆ ಒಂದು ಅರ್ಥ, ಈಗ ಅದಕ್ಕೆ ಪೂರ್ತಿ ತದ್ವಿರುದ್ಧ. ನ್ಯಾಯಾಧೀಶರ ಜಾಗದಲ್ಲಿ ನೀನಿದ್ದರೆ ಯಾವುದನ್ನು ನಂಬುತ್ತಿದ್ದೆ? ತಮ್ಮನಿಗೆ ಕೊಡಬೇಕಾದದ್ದನ್ನು ಕೊಡದಿರಲು ಒಮ್ಮೆ ಸುಳ್ಳು ಬರೆದವಳು, ಇನ್ನೊಬ್ಬರು ಏನಾದರೂ ಕೊಟ್ಟರೆ ಇನ್ನೊಂದು ಬರೆಯಲಾರಳೇ ಎಂದು ಯಾರಾದರೂ ಕೇಳುತ್ತಾರೆ. ನಾನೂ ಕೇಳುತ್ತಿದ್ದೇನೆ.

ಪತ್ರ ಇನ್ನು ನಡೆಯುವುದಿಲ್ಲ. ಹೇಳುವುದಿದ್ದರೆ ನೀನೇ ಬಂದು ಪ್ರಮಾಣ ಮಾಡಿ ಹೇಳಬೇಕು. ತೀರ್ಪು ಲೋಸಾರ್‌ಗೆ, ನಮ್ಮ ಹೊಸ ವರ್ಷದ ಹಬ್ಬಕ್ಕೆ, ಮುಂಚೆ.

ನಿದುಪ್

*

ಮೆರಾಕ್
ಬೆಂಕಿ-ಇಲಿ ವರ್ಷ, ಹನ್ನೆರಡನೇ ತಿಂಗಳು

ನಿದುಪ್,

ಅವಳು ಬಂದದ್ದು ನಿಜ. ಬರುವಾಗ ಏನು ತಂದಳೆಂದು ಕೇಳಿದೆಯಲ್ಲ, ಹಿಮದಲ್ಲಿ ನಡೆದು ಊದಿಕೊಂಡ ಎರಡು ಕಾಲು ತಂದಿದ್ದಳು. ಒಲೆ ಮುಂದೆ ಕೂರಿಸಿ ಬಿಸಿ ಗಂಜಿ ಕುಡಿಸಿದೆ. ಅವಳು ನನ್ನನ್ನು ಏನೂ ಬೇಡಲಿಲ್ಲ. ‘ಅಕ್ಕ, ನಿಮ್ಮ ಕೈಯಿಂದ ಅದ್ ಹೆಂಗ್ ಬರೆಯೋಕ್ ಬಂತು ಅಂತ ನೋಡ್ಕೊಂಡ್ ಹೋಗೋಣ ಅಂತ ಬಂದೆ’ ಎಂದಳು. ನೋಡಿಕೊಂಡು ಹೋದಳು.

ನಾಳೆ ಹೊರಡುತ್ತೇನೆ. ಇದನ್ನು ಲೋಬ್ಸಾಂಗ್ ಕೈಯಲ್ಲಿ ಕೊಡುತ್ತಿದ್ದೇನೆ, ಅವನಿಗೆ ಕುದುರೆಯಿದೆ, ನನಗಿಂತ ಮೊದಲು ತಲುಪುತ್ತಾನೆ. ನಿನ್ನ ಮನೆಯಲ್ಲಿ ಉಳಿಯುವುದಿಲ್ಲ. ನನ್ನ ಕಾಲು ನೋಡಿ ನಿನ್ನ ಹೆಂಡತಿ, ಇವಳು ಏನು ಕೇಳಲು ಬಂದಳೋ ಎಂದುಕೊಳ್ಳುವುದು ಬೇಡ.

ಚೋಜೊಮ್

*

ಝೋಂಗ್ ಪೇಟೆ
1997, ಫೆಬ್ರವರಿ 20

ಅಕ್ಕ,

ಸಾಕ್ಷಿ ಹೇಳಿದವಳು ನನಗೆ ತಿಳಿಸದೆ ಹೊರಟುಬಿಟ್ಟೆ. ತೀರ್ಪು ಕೇಳುವವರೆಗಾದರೂ ಇರಬೇಕಿತ್ತು. ಮೆಮೆ ದರ್ಗ್ಯೇಯನ್ನು ಬಿಟ್ಟರು. ಗೂಳಿ ಖಂದುವಿನದು, ಅದನ್ನು ಹಿಮದಲ್ಲಿ ಉಳಿಸಿದ್ದು ಮುದುಕ, ಇದರಲ್ಲಿ ಕಳ್ಳತನವಿಲ್ಲ ಎಂದು ತೀರ್ಪಾಯಿತು. ಹೊರಗೆ ಬಂದ ಮೇಲೆ ಮುದುಕ ನನ್ನ ಹತ್ತಿರ ಬಂದು, ‘ನಿಮ್ಮಕ್ಕ ಎಲ್ಲಪ್ಪಾ?’ ಎಂದು ಕೇಳಿದ. ಹೋದಳು ಎಂದೆ. ‘ಬೈಬೇಕಿತ್ತು ಅವ್ಳಿಗೆ’ ಎಂದ. ಆಮೇಲೆ, ‘ಬಂದ್ಲಲ್ಲ, ಇರ್ಲಿ ಬಿಡು’ ಎಂದು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದ. ಒಳಗಿದ್ದು ಅವನ ಮಂಡಿ ಹಿಡಿದುಕೊಂಡಿದೆ.

ಆ ದಿನ ನಾನು ನಿನ್ನೊಡನೆ ಮಾತಾಡಲಿಲ್ಲ. ದುಭಾಷಿಯ ಜಾಗದಲ್ಲಿ ನಿಂತವನು ಮಾತಾಡುವ ಹಾಗಿರಲಿಲ್ಲ. ಈಗ ಬರೆಯುತ್ತೇನೆ.

ಮೊದಲು ಸುಳ್ಳು ಯಾಕೆ ಬರೆದೆ ಎಂದು ನ್ಯಾಯಾಧೀಶರು ಕೇಳಿದಾಗ ನೀನು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ‘ಇವ್ನು ನನ್ ತಮ್ಮ. ಇವ್ನ್ ಪಾಲಿನ ಯಾಕ್ ನನ್ ಹಿಂಡಲ್ಲಿವೆ. ಕೊಡೋಕೆ ನಂಗ್ ಮನಸಿರ್ಲಿಲ್ಲ’ ಎಂದೆ. ಅಕ್ಕ ನನಗೆ ಮೋಸ ಮಾಡಲು ಹೊರಟಿದ್ದಳು ಎಂಬುದನ್ನು ನಾನೇ ಝೋಂಖಾದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಬೇಕಿತ್ತು. ‘ಏನಂದ್ರು, ಹೇಳಿ’ ಎಂದು ನ್ಯಾಯಾಧೀಶರು ಗದರಿದರು. ಹೇಳಿದೆ. ಹಿಂದೆ ಕೂತವರು ನಕ್ಕರು. ಖಂದು ಎಲ್ಲರಿಗಿಂತ ಜೋರಾಗಿ ನಕ್ಕ. ಆದರೆ ನ್ಯಾಯಾಧೀಶರು ನಗಲಿಲ್ಲ. ತನಗೆ ಇಷ್ಟು ನಷ್ಟ ತಂದುಕೊಂಡು ಯಾರೂ ಸುಳ್ಳು ಹೇಳುವುದಿಲ್ಲ ಎಂದು ಆಮೇಲೆ ತೀರ್ಪಿನಲ್ಲಿ ಬರೆಸಿದರು.

ನೀನು ಅಷ್ಟಕ್ಕೇ ನಿಲ್ಲಿಸಲಿಲ್ಲ. ‘ಅಮಾ ಸಾಯೋವಾಗ ಇವ್ನ್ ಹೆಸ್ರೇ ಕರೀತಿದ್ಲು, ಇವ್ನು ಬರ್ಲಿಲ್ಲ’ ಎಂದೂ ಹೇಳಿದೆ. ಆ ಮಾತನ್ನು ನಾನು ತಿರುಗಿಸಿ ಹೇಳಲಿಲ್ಲ. ನಿನಗೆ ಝೋಂಖಾ ಅರ್ಥವಾಗುತ್ತದೆ, ನಾನು ಬಿಟ್ಟದ್ದು ನಿನಗೆ ಗೊತ್ತಾಗಿರುತ್ತದೆ. ಆದರೂ ನೀನು ತಿದ್ದಲಿಲ್ಲ.

ಇನ್ನೊಂದು ವಿಷಯ. ನ್ಯಾಯಾಧೀಶರು ಕೇಳಲು ಹೇಳಿದ್ದು ಸೇರಿಸಿಕೊಂಡ ಯಾಕ್ ಯಾರದು ಎಂಬುದನ್ನು ಮಾತ್ರ. ಕರು ಯಾರದು ಎಂದು ಕೇಳು ಎಂದು ಯಾರೂ ಹೇಳಿರಲಿಲ್ಲ. ಗೂಳಿಯ ಕೇಸಿನಲ್ಲಿ ಕರುವಿನ ಮಾತು ಎಲ್ಲಿಂದ ಬರಬೇಕು? ಆ ಸಾಲು ನನ್ನದು. ನೀನು ಅನುಮಾನಪಟ್ಟದ್ದು ಸುಮ್ಮನೆ ಅಲ್ಲ.

ನಿದುಪ್

*

ಮೆರಾಕ್
ಬೆಂಕಿ-ಎತ್ತು ವರ್ಷ, ಎರಡನೇ ತಿಂಗಳು

ನಿದುಪ್,

ಆ ಕರುವಿನ ಸಾಲು ನಿನ್ನದೆಂದು ನನಗೆ ಮೊದಲೇ ಗೊತ್ತಿತ್ತು. ಗೊಂಬುಗೆ ಈಗ ಓದಿ ಹೇಳಿದೆ. ‘ಪಾಪ’ ಎಂದ.

ಖಂದು ನಮ್ಮ ಹಿಂಡನ್ನು ಅವನ ಹುಲ್ಲುಗಾವಲಿನಿಂದ ಓಡಿಸಿದ. ನಾನು ಕೆಳಗೆ ಹೋದ ದಿನವೇ ಆಳುಗಳನ್ನು ಕಳಿಸಿದ್ದನಂತೆ. ಗೊಂಬು ಮಕ್ಕಳನ್ನು ಕರೆದುಕೊಂಡು ಹಿಮದಲ್ಲಿಯೇ ಹಿಂಡನ್ನು ನದಿಯ ಆಚೆ ದಾಟಿಸಿದ. ಅಲ್ಲಿ ಬಿದಿರು ಬಿಟ್ಟರೆ ಏನೂ ಇರಲಿಲ್ಲ. ಕೆಲವು ಸತ್ತವು. ಸತ್ತದ್ದರಲ್ಲಿ ನಿನ್ನವೂ ಇವೆ, ನನ್ನವೂ ಇವೆ. ನಿನ್ನವೇ ಹೆಚ್ಚು ಸತ್ತವು ಎಂದರೆ ನೀನು ನಂಬುವುದಿಲ್ಲ, ನನಗೆ ಗೊತ್ತು. ನಾನಾಗಿದ್ದರೂ ನಂಬುತ್ತಿರಲಿಲ್ಲ. ಅಮಾ ನಿನಗೆ ಕೊಟ್ಟವು ವಯಸ್ಸಾದ ಯಾಕ್‌ಗಳು, ಹಾಲು ಚೆನ್ನಾಗಿದೆ ಎಂದು ಆರಿಸಿ ಕೊಟ್ಟಿದ್ದಳು.

ಉಳಿದವನ್ನು ತೆಗೆದುಕೊಂಡು ಹೋಗು. ಆದರೆ ಯಾಕ್ ಪೇಟೆಯ ಸೆಕೆಯಲ್ಲಿ ಬದುಕುವುದಿಲ್ಲ. ಕಟುಕರಿಗೆ ಮಾರುವುದಾದರೆ ನೀನೇ ಬಂದು ಹಗ್ಗ ಹಿಡಿದು ಎಳೆದುಕೊಂಡು ಹೋಗು. ನನ್ನ ಕೈಯಲ್ಲಿ ಆ ಕೆಲಸ ಮಾಡಿಸಬೇಡ.

ಅಮಾ ಬಗ್ಗೆ ನಾನು ಅಂದದ್ದನ್ನು ನೀನು ಬಿಟ್ಟದ್ದು ಒಳ್ಳೆಯದಾಯಿತು. ಅದು ಕೋರ್ಟಿನ ಮಾತಲ್ಲ.

ಚೋಜೊಮ್

*

ಝೋಂಗ್ ಪೇಟೆ
1997, ಮೇ 15

ಅಕ್ಕ,

ರಜೆ ಸಿಕ್ಕಿದೆ. ನೀನು ಮೇಲಿನ ಹುಲ್ಲುಗಾವಲಿಗೆ ಹತ್ತಿದ ಮೇಲೆ ಅಲ್ಲಿಗೇ ಬರುತ್ತೇನೆ. ಸತ್ತವುಗಳ ಕಿವಿಗೆ ಒಡೆಯನ ಗುರುತೆಂದು ಕಟ್ಟಿದ್ದ ಕುಚ್ಚು ಇಟ್ಟಿದ್ದರೆ ಎಸೆಯಬೇಡ, ನೋಡಬೇಕು.

ನಿದುಪ್

*

ಮೇಲಿನ ಹುಲ್ಲುಗಾವಲು
ಬೆಂಕಿ-ಎತ್ತು ವರ್ಷ, ಐದನೇ ತಿಂಗಳು

ನಿದುಪ್,

ನೀನು ಹೋಗಿ ಇನ್ನೂ ಹಾಲು ಹೆಪ್ಪಾಗುವಷ್ಟು ಹೊತ್ತಾಗಿಲ್ಲ, ಲೋಬ್ಸಾಂಗ್ ಕೆಳಗೆ ಹೊರಟಿದ್ದಾನೆ, ಅದಕ್ಕೇ ಬರೆಯುತ್ತಿದ್ದೇನೆ.

ಕುಚ್ಚುಗಳನ್ನು ನಿನ್ನ ಮುಂದೆ ಹರಡಿದಾಗ ನೀನು ಒಂದೊಂದನ್ನೂ ತಿರುಗಿಸಿ ನೋಡಿದೆ. ಬಣ್ಣ ಹಳೆಯದೋ, ಹೊಸದಾಗಿ ಕಟ್ಟಿದ್ದೋ ಎಂದು ಉಗುರಿನಲ್ಲಿ ಕೆರೆದೆ. ನಾನು ಹಾಲು ಕರೆಯಲು ಹೋದಾಗ ಲೋಬ್ಸಾಂಗನ ಹೆಂಡತಿಯ ಗುಡಾರಕ್ಕೆ ಹೋಗಿ, ‘ನಿಜವಾಗ್ಲೂ ಅಷ್ಟು ಸತ್ವಾ?’ ಎಂದು ಕೇಳಿದೆಯಂತೆ. ನೀನು ಈಚೆ ಬರುವ ಮೊದಲೇ ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ಗುಡಾರದ ಬಟ್ಟೆ ತೆಳ್ಳಗೆ, ಅವಳ ಬಾಯಿ ಅದಕ್ಕಿಂತ ತೆಳ್ಳಗೆ. ನಿನಗೆ ಬೆಣ್ಣೆ ಕಟ್ಟಿ ಕೊಟ್ಟಾಗ ಗೊಂಬು ಅಕ್ಕರೆಯಿಂದ ಇನ್ನೊಂದು ಉಂಡೆ ಸೇರಿಸಿದ. ನೀನು ಅದನ್ನೂ ಅನುಮಾನದಿಂದ ನೋಡಿದೆ. ಇದನ್ನು ಪಾಲಿನಲ್ಲಿ ಕಳೆಯುತ್ತಾರೋ ಏನೋ ಎಂಬ ನೋಟ.

ನನಗೂ ಅನುಮಾನ ಬಾರದೆ ಇರಲಿಲ್ಲ. ನಿನ್ನ ಯಾಕ್‌ಗಳಿಗೆ ನಿನ್ನ ಕೈಯಿಂದಲೇ ನೀಲಿ ಕುಚ್ಚು ಕಟ್ಟುವಾಗ, ನನ್ನ ಆ ಒಳ್ಳೆಯ ಕಡಸಿನ ಕಿವಿಗೂ ಕೈ ಹೋಗುತ್ತದೆಯೇ ಎಂದು ಹಿಂದೆ ನಿಂತು ನೋಡುತ್ತಿದ್ದೆ. ಹೋಗಲಿಲ್ಲ. ಕಟ್ಟಿ ಮುಗಿಸಿ, ‘ಇಲ್ಲೇ ಇರ್ಲಿ ಬಿಡಕ್ಕ, ಮುಂದಿನ್ ವರ್ಷ ಬಂದ್ ನೋಡ್ತೀನಿ’ ಎಂದೆಯಲ್ಲ, ಆಗ ಒಂದು ಮಾತು ಹೇಳಬೇಕೆಂದಿದ್ದೆ. ಕೊಡ ತೆಗೆದುಕೊಂಡು ನೀರಿಗೆ ಹೋದೆ. ಈಗ ಬರೆಯುತ್ತೇನೆ.

ನೀನು ನನ್ನನ್ನು ನಂಬಬೇಡ. ಪ್ರತಿ ವರ್ಷ ಬಾ. ಒಂದೊಂದನ್ನೂ ಎಣಿಸು, ಕುಚ್ಚು ಕೆರೆದು ನೋಡು, ಸುತ್ತಲಿನ ಗುಡಾರದವರನ್ನೆಲ್ಲ ಕೇಳು, ನಾನು ಕರು ಬಚ್ಚಿಟ್ಟಿದ್ದೇನೆಯೇ ಎಂದು ಕಲ್ಲಿನ ಹಿಂದೆ ಹುಡುಕು. ನಿನ್ನ ಮಕ್ಕಳನ್ನೂ ಕರೆದುಕೊಂಡು ಬಾ, ಅವರಿಗೂ ಎಣಿಸಲು ಕಲಿಸು, ನಮ್ಮ ಮಾತಿನಲ್ಲಿಯೇ ಎಣಿಸಲಿ. ನನ್ನನ್ನು ನಂಬಿಬಿಟ್ಟರೆ ನೀನು ಮತ್ತೆ ಇತ್ತ ಬರುವುದಿಲ್ಲ.

ನಿನ್ನ ಅಕ್ಕ,
ಚೋಜೊಮ್